ಇಬ್ಭಾಗವಾದ ಕೀಲಿಮಣೆಯೂ ಅದರ ಆಜ್ಞಾವಳಿಯೂ

ವಾಚಕರು ಮೊದಲು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬೇಕು. ಮೇಜಿನ ಮುಂದೆ ನೆಟ್ಟಗೆ ಕುಳಿತು, ಕಣ್ಣು ಮುಚ್ಚಿಕೊಂಡು, ಎರಡೂ ಮುಂಗೈಗಳನ್ನು ಆಯಾಸವಾಗದಂತೆ ಮೇಜಿನ ಮೇಲೆ ಚಾಚಿರಿ. ಈಗ ಕಣ್ಣು ತೆರೆದರೆ, ಎರಡು ಅಂಗೈಗಳ ನಡುವೆ ಹೆಚ್ಚುಕಡಿಮೆ ಹೆಗಲಿನ ಅಗಲದಷ್ಟು ಅಂತರವಿರುವುದು ಕಾಣುತ್ತದೆ. ಇನ್ನು ಅದೇ ಕೈಗಳನ್ನು ಗಣಕಯಂತ್ರದ ಸಾಧಾರಣ ಕೀಲಿಮಣೆಯ ಮೇಲಿಡಿ. ಮೊಳಕೈಗಳು ಅಗಲವಾಗಿಯೇ ಇರುವಾಗ ಬೆರಳುಗಳು ಮಾತ್ರ ಒಂದೆಡೆ ಕೂಡಬೇಕಾಗುತ್ತದೆ. ಆಗ ಮಣಿಕಟ್ಟುಗಳು ಕಿರುಬೆರಳಿನ ಕಡೆಗೆ ಬಾಗದೆ ಗತ್ಯಂತರವಿಲ್ಲ.

ಈ ಬಾಗು ಒಂದೆರಡು ನಿಮಿಷಗಳ ಕೆಲಸದಲ್ಲಿ ಅರಿವಿಗೆ ಬಾರದು. ದಿನವೂ ಗಂಟೆಗಟ್ಟಲೆ ಬೆರಳಚ್ಚು ಮಾಡುವವರಿಗಾದರೋ ಅದು ನೋವಿಗೆ ಎಡೆಗೊಡಬಹುದು. ಈ ತೊಡಕು ಹಳೆಯ ಯಂತ್ರಗಳಿಂದ ನಮಗೆ ಬಂದ ಬಳುವಳಿ. ೧೮೭೪ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಶೋಲ್ಸ್-ಗ್ಲಿಡನ್ ಬೆರಳಚ್ಚು ಯಂತ್ರದಲ್ಲಿ ಪ್ರತಿಯೊಂದು ಕೀಲಿಗೂ ಒಂದೊಂದು ಸನ್ನೆಗೋಲು ಇತ್ತು. ಒಂದರ ಸನ್ನೆಗೋಲು ಇನ್ನೊಂದಕ್ಕೆ ತಗುಲದಂತೆ ಕೀಲಿಗಳ ಸಾಲುಗಳನ್ನು ಓರೆಯಾಗಿ ಸರಿಸಬೇಕಾಯಿತು. ಸನ್ನೆಗೋಲುಗಳು ಮಾಯವಾಗಿ ಎಷ್ಟೋ ಕಾಲವಾಯಿತು; ಓರೆ ಮಾತ್ರ ಉಳಿದುಕೊಂಡಿದೆ. ಮಣೆಯನ್ನು ನಡುವೆ ಸೀಳಿ, ಎರಡು ಭಾಗಗಳನ್ನೂ ಕೈಗಳ ಕೋನಕ್ಕೆ ತಕ್ಕಂತೆ ತಿರುಗಿಸಬೇಕೆಂದು ೧೯೨೬ರಲ್ಲಿ ಜರ್ಮನಿಯ ಕ್ಲೋಕೆನ್‌ಬೆರ್ಗ್ ಸೂಚಿಸಿದನು. ೧೯೭೨ರಲ್ಲಿ ಕ್ರೋಮರ್ ಎಂಬ ವಿಜ್ಞಾನಿಯು ಇದೇ ವಿಚಾರವನ್ನು ಪ್ರಯೋಗಗಳ ಮೂಲಕ ಪರಿಶೀಲಿಸಿದನು.

ಇಂದು ಇಂಥ ಇಬ್ಭಾಗದ ಕೀಲಿಮಣೆಗಳನ್ನು ಹವ್ಯಾಸಿಗಳು ಮನೆಯಲ್ಲಿಯೇ ಬೆಸುಗೆ ಹಾಕಿ ಕಟ್ಟುತ್ತಾರೆ. ಆದರೆ ಸ್ವಿಚ್ಚುಗಳನ್ನೂ ತಂತಿಗಳನ್ನೂ ಜೋಡಿಸಿದ ಮಾತ್ರಕ್ಕೆ ಕೀಲಿಮಣೆ ಆಗಿಬಿಡುವುದಿಲ್ಲ. ಅದಕ್ಕೆ ತನ್ನ ಕೆಲಸವನ್ನು ತಿಳಿಸಿಕೊಡುವ ಆಜ್ಞಾವಳಿಯೊಂದು ಬೇಕು. ಯಂತ್ರದೊಳಗೇ ನೆಲೆಸಿ, ವಿದ್ಯುತ್ತು ಬಂದೊಡನೆ ಎಚ್ಚೆತ್ತುಕೊಳ್ಳುವ ಈ ಆಜ್ಞಾವಳಿಗೆ ಫರ್ಮ್‌ವೇರ್ ಎಂದು ಹೆಸರು. ಎಲ್ಲರಿಗೂ ತೆರೆದಿಟ್ಟಿರುವ ಒಂದು ಫರ್ಮ್‌ವೇರನ್ನು ಹೊಸದೊಂದು ಮಣೆಗೆ ಹೊಂದಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಉದಾಹರಣೆಗೆ ಒಂದು ಮಣೆ

ವಿವರಣೆಗಾಗಿ ಕಾರ್ನ್ ಎಂಬ ಕೀಲಿಮಣೆಯನ್ನು ತೆಗೆದುಕೊಳ್ಳೋಣ. ಜಪಾನಿನಲ್ಲಿ ರೂಪುಗೊಂಡ ಇದರ ನಕ್ಷೆ ಎಲ್ಲರಿಗೂ ಮುಕ್ತವಾಗಿದೆ. ಇದರ ಮೊದಲ ಪೀಳಿಗೆಯ ಮಣೆಯಲ್ಲಿ ಒಟ್ಟು ೪೨ ಕೀಲಿಗಳುಂಟು. ಒಂದೊಂದು ಭಾಗದಲ್ಲಿ ಆರಾರು ಕೀಲಿಗಳ ಮೂರು ಸಾಲುಗಳು. ಕೆಳಗೆ ಹೆಬ್ಬೆರಳಿಗೆಂದು ಮೂರು ಕೀಲಿಗಳು. ಪ್ರತಿಯೊಂದು ಕೀಲಿಯ ಕೆಳಗೂ ಸ್ವಂತ ಸುರುಳಿಬುಗ್ಗೆಯುಳ್ಳ ಒಂದು ಸ್ವಿಚ್ಚು ಇರುತ್ತದೆ. ಯಾಂತ್ರಿಕ ಕೀಲಿಮಣೆ ಎಂಬ ಹೆಸರು ಬಂದುದು ಇದರಿಂದಲೇ. ಚೆರಿ ಸಂಸ್ಥೆಯ ಹೆಸರುವಾಸಿಯಾದ ಕೆಂಪು ಸ್ವಿಚ್ಚಿನಲ್ಲಿ ಕೀಲಿಯು ಒಟ್ಟು ೪ ಮಿಲಿಮೀಟರ್ ಇಳಿಯುತ್ತದೆ. ೨ ಮಿಲಿಮೀಟರ್ ಇಳಿಯುವಷ್ಟರಲ್ಲಿಯೇ ಒಳಗಿನ ಲೋಹದ ಎಲೆಗಳು ಒಂದನ್ನೊಂದು ಮುಟ್ಟುತ್ತವೆ.

ಈ ಮಣೆಯ ಎರಡು ಭಾಗಗಳಲ್ಲಿಯೂ ಪ್ರೋ ಮೈಕ್ರೋ ಎಂಬ ಕಿರುಫಲಕ ಒಂದೊಂದಿದೆ. ಅದರ ಮೇಲಿರುವ ಅಟ್‌ಮೆಗಾ ೩೨ಯು೪ ಎಂಬ ಮೈಕ್ರೋಕಂಟ್ರೋಲರ್ ಒಂದೇ ಚಿಪ್ಪಿನಲ್ಲಿ ಅಡಕವಾದ ಪುಟ್ಟ ಗಣಕ. ಆಜ್ಞೆಗಳನ್ನು ಇಡಲು ಅದರಲ್ಲಿ ೩೨,೭೬೮ ಬೈಟುಗಳ ಸ್ಥಳವಿದೆ. ಹೊಸ ಆಜ್ಞಾವಳಿಯನ್ನು ಒಳಗೆ ಬರಮಾಡಿಕೊಳ್ಳುವ ಬೂಟ್‌ಲೋಡರ್ ಎಂಬ ಕಾವಲುಗಾರನಿಗೆ ಅದರಲ್ಲಿ ೪,೦೯೬ ಬೈಟುಗಳು ಮೀಸಲು. ಉಳಿದ ೨೮,೬೭೨ ಬೈಟುಗಳಲ್ಲಿ ನಮ್ಮ ಸಂಸಾರವೆಲ್ಲ ನಡೆಯಬೇಕು.

ಮಾತೃಕೆಯ ಮರ್ಮ

ಒಂದು ಭಾಗದಲ್ಲಿ ೨೧ ಕೀಲಿಗಳು; ಪ್ರೋ ಮೈಕ್ರೋ ಫಲಕದ ಅಂಚಿನಲ್ಲಿ ಬಳಕೆಗೆ ದೊರೆಯುವ ಪಿನ್ನುಗಳು ಕೇವಲ ೧೮. ಕೀಲಿಗೊಂದು ಪಿನ್ನನ್ನು ಕೊಡುವಂತಿಲ್ಲ. ಈ ಕೊರತೆಯನ್ನು ನೀಗಿಸಲು ಕೀಲಿಗಳನ್ನು ಅಡ್ಡಸಾಲು ಕಂಬಸಾಲುಗಳಾಗಿ ಹೆಣೆಯುತ್ತಾರೆ. ಗಣಿತದ ತರಗತಿಯಲ್ಲಿ ಕಲಿತ ಮಾತೃಕೆಯನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬಹುದು. ನಾಲ್ಕು ಅಡ್ಡಸಾಲು, ಆರು ಕಂಬಸಾಲುಗಳಾದರೆ ೧೦ ಪಿನ್ನುಗಳಿಗೆ ೨೪ ಸಂಧಿಸ್ಥಾನಗಳು ದೊರೆಯುತ್ತವೆ. ಅವುಗಳಲ್ಲಿ ೨೧ನ್ನು ಬಳಸಿ ಮೂರನ್ನು ಖಾಲಿ ಬಿಟ್ಟರಾಯಿತು.

ಮೈಕ್ರೋಕಂಟ್ರೋಲರ್ ಈ ಜಾಲವನ್ನು ಪರಿಶೀಲಿಸುವ ಕ್ರಮ ಹೀಗಿದೆ. ಕಂಬಸಾಲುಗಳನ್ನೆಲ್ಲ ಒಂದೊಂದು ರೋಧಕದ ಮೂಲಕ ಮೇಲುಮಟ್ಟದ ವೋಲ್ಟೇಜಿನಲ್ಲಿ ಹಿಡಿದಿರುತ್ತದೆ. ಆಮೇಲೆ ಒಂದೇ ಒಂದು ಅಡ್ಡಸಾಲನ್ನು ಸೊನ್ನೆ ಮಟ್ಟಕ್ಕೆ ಇಳಿಸುತ್ತದೆ. ಆ ಸಾಲಿನ ಯಾವುದಾದರೂ ಕೀಲಿ ಒತ್ತಲ್ಪಟ್ಟಿದ್ದರೆ ಅದಕ್ಕೆ ಸೇರಿದ ಕಂಬಸಾಲೂ ಸೊನ್ನೆಗೆ ಇಳಿಯುತ್ತದೆ. ಅದನ್ನು ಗುರುತು ಹಾಕಿಕೊಂಡು ಮುಂದಿನ ಅಡ್ಡಸಾಲಿಗೆ ಹೋಗುತ್ತದೆ. ಈ ಸುತ್ತು ಸೆಕೆಂಡಿಗೆ ನೂರಾರು ಸಲ, ಕೆಲವೆಡೆ ಸಾವಿರಾರು ಸಲ, ಎಡೆಬಿಡದೆ ನಡೆಯುತ್ತದೆ. ಎಷ್ಟೇ ಚುರುಕಾದ ಬೆರಳಾದರೂ ಇದರ ಕಣ್ಣು ತಪ್ಪಿಸಲಾರದು.

ಇದರಲ್ಲಿ ಒಂದು ಮೋಸವುಂಟು. ಒಂದು ಆಯತದ ಮೂರು ಮೂಲೆಗಳಲ್ಲಿರುವ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ವಿದ್ಯುತ್ತು ಅವುಗಳ ಮೂಲಕ ಸುತ್ತಿಬಳಸಿ ಹರಿದು ನಾಲ್ಕನೆಯ ಮೂಲೆಯ ಕೀಲಿಯನ್ನೂ ಒತ್ತಿದಂತೆ ತೋರುತ್ತದೆ. ಇಲ್ಲದ ಕೀಲಿ ಇದ್ದಂತೆ ಕಾಣುವ ಈ ಭ್ರಮೆಯನ್ನು ನಿವಾರಿಸಲು ಪ್ರತಿಯೊಂದು ಸ್ವಿಚ್ಚಿಗೂ ಒಂದು ಡಯೋಡನ್ನು ಜೋಡಿಸುತ್ತಾರೆ. ಡಯೋಡ್ ಒಂದೇ ದಿಕ್ಕಿಗೆ ವಿದ್ಯುತ್ತನ್ನು ಬಿಡುವುದರಿಂದ ಸುತ್ತುದಾರಿ ಮುಚ್ಚಿಹೋಗುತ್ತದೆ. ಕಾರ್ನ್ ಮಣೆಯಲ್ಲಿ ಅದು ಬಿಡುವ ದಿಕ್ಕು ಕಂಬಸಾಲಿನಿಂದ ಅಡ್ಡಸಾಲಿಗೆ. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಇನ್ನೊಂದು ತೊಡಕು ಲೋಹದ ಸ್ವಭಾವದ್ದು. ನೆಲಕ್ಕೆ ಬಿದ್ದ ಚೆಂಡು ಒಮ್ಮೆಗೇ ನಿಲ್ಲದೆ ಹಲವು ಬಾರಿ ಪುಟಿಯುವಂತೆ, ಸ್ವಿಚ್ಚಿನ ಲೋಹದ ಎಲೆಗಳೂ ಮುಟ್ಟುವಾಗ ಕೆಲವು ಸಲ ಪುಟಿಯುತ್ತವೆ. ಅದನ್ನು ಹಾಗೆಯೇ ಎಣಿಸಿದರೆ ಒಂದು ಒತ್ತು ನಾಲ್ಕಾರು ಅಕ್ಷರಗಳಾದೀತು. ಆದುದರಿಂದ ಫರ್ಮ್‌ವೇರ್ ಸ್ವಲ್ಪ ತಡೆದು, ಪುಟಿತ ಅಡಗಿದ ಮೇಲೆ ತೀರ್ಪು ಕೊಡುತ್ತದೆ. ವಾಡಿಕೆಯ ತಡೆ ೫ ಮಿಲಿಸೆಕೆಂಡು.

ಗಣಕಕ್ಕೆ ಹೋಗುವ ವರದಿ

ಹೀಗೆ ಪತ್ತೆಯಾದ ಕೀಲಿಯ ಸುದ್ದಿಯನ್ನು ಗಣಕಕ್ಕೆ ಮುಟ್ಟಿಸಬೇಕಷ್ಟೆ. ಕೀಲಿಮಣೆಯು ಅಕ್ಷರವನ್ನೇ ಕಳುಹಿಸುತ್ತದೆಯೆಂದು ಅನೇಕರು ಭಾವಿಸಿರುತ್ತಾರೆ. ಅದು ಕಳುಹಿಸುವುದು ಬರಿಯ ಸಂಖ್ಯೆಯನ್ನು. ಯುಎಸ್‌ಬಿ ನಿಯಮದ ಪ್ರಕಾರ ಸರಳ ರೂಪದ ವರದಿಯಲ್ಲಿ ಎಂಟು ಬೈಟುಗಳಿರುತ್ತವೆ. ಮೊದಲನೆಯದರಲ್ಲಿ ಶಿಫ್ಟ್, ಕಂಟ್ರೋಲ್ ಮುಂತಾದ ಎಂಟು ಸಹಾಯಕ ಕೀಲಿಗಳಿಗೆ ಒಂದೊಂದು ಬಿಟ್, ಎರಡನೆಯದು ಖಾಲಿ, ಉಳಿದ ಆರರಲ್ಲಿ ಒತ್ತಿದ ಆರು ಕೀಲಿಗಳವರೆಗೆ ಅವುಗಳ ಸಂಖ್ಯೆ. 'ಎ' ಕೀಲಿಯ ಸಂಖ್ಯೆ ೪, 'ಬಿ'ಯದು ೫. ಹೀಗೆ ಎಣಿಸುತ್ತ ಹೋದರೆ 'ಕೆ' ಕೀಲಿಗೆ ೧೪ ಬರುತ್ತದೆ.

ಈ ೧೪ ಎಂಬುದಕ್ಕೆ ಅರ್ಥ ಹೇಳುವುದು ಗಣಕದ ಕೆಲಸ. ಇಂಗ್ಲಿಷ್ ವಿನ್ಯಾಸ ಆಯ್ದಿದ್ದರೆ ಅದು 'ಕೆ' ಅಕ್ಷರವಾಗುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಾಗಲಿ, ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ವಿನ್ಯಾಸದಲ್ಲಾಗಲಿ ಅದೇ ಸಂಖ್ಯೆ 'ಕ' ಆಗುತ್ತದೆ. ಆದಕಾರಣ ಕನ್ನಡ ಬರೆಯುವವರು ಇಂಥ ಮಣೆಗಾಗಿ ಬೇರೆ ಫರ್ಮ್‌ವೇರನ್ನು ಹುಡುಕಬೇಕಾಗಿಲ್ಲ.

ಎಲ್ಲಕ್ಕೂ ಸಮಾನವಾದುದು, ಒಂದಕ್ಕೇ ವಿಶೇಷವಾದುದು

ಈವರೆಗೆ ಹೇಳಿದ ಕೆಲಸಗಳನ್ನು ಒಮ್ಮೆ ತಿರುಗಿ ನೋಡೋಣ. ಜಾಲವನ್ನು ಸುತ್ತುವುದು, ಪುಟಿತವನ್ನು ತಡೆಯುವುದು, ವರದಿ ಬರೆಯುವುದು: ಇವು ಎಲ್ಲ ಕೀಲಿಮಣೆಗಳಿಗೂ ಸಮಾನ. ಯಾವ ಪಿನ್ನಿಗೆ ಯಾವ ಸಾಲು, ಡಯೋಡಿನ ದಿಕ್ಕು ಯಾವುದು, ಯಾವ ಸಂಧಿಯಲ್ಲಿ ಯಾವ ಕೀಲಿ ಎಂಬುದು ಮಾತ್ರ ಮಣೆಯಿಂದ ಮಣೆಗೆ ಬೇರೆ. ಸಮಾನವಾದುದನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟು, ವಿಶೇಷವಾದುದನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಮಾಡಿದರೆ ಒಂದೇ ಆಜ್ಞಾವಳಿ ಸಾವಿರ ಮಣೆಗಳಿಗೆ ಒದಗುತ್ತದೆ. ಮನೆ ಬದಲಿಸಿದ ಸಂಸಾರವು ತನ್ನ ಅಡಿಗೆಯನ್ನೂ ಆಚಾರವನ್ನೂ ಹೊಸದಾಗಿ ಕಲಿಯುವುದಿಲ್ಲ; ಬಾವಿ ಯಾವ ಕಡೆಗಿದೆ, ಒಲೆ ಎಲ್ಲಿದೆ ಎಂಬುದನ್ನಷ್ಟೆ ತಿಳಿದುಕೊಳ್ಳುತ್ತದೆ. ಫರ್ಮ್‌ವೇರನ್ನು ಹೊಸ ಮಣೆಗೆ ಹೊಂದಿಸುವುದೂ ಹೀಗೆಯೇ.

ಇಂಥ ಫರ್ಮ್‌ವೇರುಗಳಲ್ಲಿ ಹೆಸರಾದುದು ಕ್ಯೂಎಂಕೆ. ಇದು ಟಿಎಂಕೆ ಎಂಬ ಹಿಂದಿನ ಕೃತಿಯಿಂದ ಕವಲೊಡೆದು ಬೆಳೆದದ್ದು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಒಂದು ಮಣೆಯ ವಿಶೇಷಗಳನ್ನು ಬರೆಯುವ ವಿವರಪಟ್ಟಿ ಹೇಗಿರುತ್ತದೆಂಬುದಕ್ಕೆ ಕಾರ್ನ್ ಮಣೆಯದನ್ನೇ ನೋಡಬಹುದು. ಮೈಕ್ರೋಕಂಟ್ರೋಲರಿನ ಹೆಸರು, ಬೂಟ್‌ಲೋಡರಿನ ಹೆಸರು. ಅಡ್ಡಸಾಲಿನ ಪಿನ್ನುಗಳು ಕ್ರಮವಾಗಿ ಡಿ೪, ಸಿ೬, ಡಿ೭, ಇ೬. ಕಂಬಸಾಲಿನ ಪಿನ್ನುಗಳು ಎಫ್೪, ಎಫ್೫, ಎಫ್೬, ಎಫ್೭, ಬಿ೧, ಬಿ೩. ಡಯೋಡಿನ ದಿಕ್ಕು ಕಂಬದಿಂದ ಅಡ್ಡಕ್ಕೆ. ಎರಡು ಭಾಗಗಳ ನಡುವಿನ ಮಾತಿಗೆ ಡಿ೨ ಪಿನ್ನು. ತಿರುಳೆಲ್ಲ ಇಷ್ಟೇ. ನಕ್ಷೆ ದೊರೆಯದ ಮಣೆಯಾದರೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಹಿಡಿದು, ಯಾವ ಸ್ವಿಚ್ಚಿನ ಕಾಲು ಯಾವ ಪಿನ್ನಿಗೆ ಸೇರುತ್ತದೆಂದು ಒಂದೊಂದನ್ನೂ ಪರೀಕ್ಷಿಸಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಈ ಕೆಲಸದಲ್ಲಿ ಜಾಣ್ಮೆಗಿಂತ ಪ್ರಾಮಾಣಿಕತೆ ಮುಖ್ಯ. ಊಹೆಯಿಂದ ತುಂಬಿದ ಒಂದು ಪಿನ್ನು ಒಂದಿಡೀ ಸಾಲನ್ನು ಕೆಡಿಸುತ್ತದೆ.

ಎರಡು ಭಾಗಗಳ ಸಂಭಾಷಣೆ

ಮಣೆ ಎರಡಾದಾಗ ಹೊಸದೊಂದು ಪ್ರಶ್ನೆ ಏಳುತ್ತದೆ. ಗಣಕಕ್ಕೆ ತಂತಿ ಒಂದೇ. ವರದಿಯೂ ಒಂದೇ ಆಗಿರಬೇಕು. ಎಡಗೈ ಶಿಫ್ಟನ್ನು ಹಿಡಿದಿರುವಾಗ ಬಲಗೈ ಒತ್ತಿದ ಅಕ್ಷರ ದೊಡ್ಡಕ್ಷರವೇ ಆಗಬೇಕು. ಅಂದಮೇಲೆ ಎರಡು ಭಾಗಗಳ ಸುದ್ದಿಯೂ ಒಂದೆಡೆ ಸೇರದೆ ನಡೆಯದು.

ಗಣಕಕ್ಕೆ ತಂತಿ ಸೇರಿಸಿದ ಭಾಗ ಮುಖ್ಯ ಭಾಗವಾಗುತ್ತದೆ. ಇನ್ನೊಂದು ಸಹಾಯಕ ಭಾಗ. ಎರಡರ ನಡುವೆ ಮೂರು ತಂತಿಗಳು ಸಾಕು: ವಿದ್ಯುತ್ತಿಗೆ ಒಂದು, ಸೊನ್ನೆ ಮಟ್ಟಕ್ಕೆ ಒಂದು, ಮಾತಿಗೆ ಒಂದು. ಸಹಾಯಕ ಭಾಗವು ತನ್ನ ನಾಲ್ಕು ಸಾಲುಗಳನ್ನು ತಾನೇ ಸುತ್ತಿ, ಸಾಲಿಗೊಂದರಂತೆ ನಾಲ್ಕು ಬೈಟುಗಳಲ್ಲಿ ಫಲಿತಾಂಶವನ್ನು ಸಿದ್ಧವಾಗಿಟ್ಟಿರುತ್ತದೆ. ಮುಖ್ಯ ಭಾಗವು ಆಗಾಗ್ಗೆ ಕೇಳುತ್ತದೆ. ಕೇಳಿದಾಗ ಮಾತ್ರ ಸಹಾಯಕ ಭಾಗ ಉತ್ತರಿಸುತ್ತದೆ. ತಂತಿ ಒಂದೇ ಆದುದರಿಂದ ಇಬ್ಬರೂ ಒಮ್ಮೆಗೇ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತದೆಯಷ್ಟೆ.

ಕೊನೆಗೆ ಮುಖ್ಯ ಭಾಗವು ಎರಡು ಜಾಲಗಳನ್ನು ಒಂದರ ಕೆಳಗೊಂದು ಇಟ್ಟುಕೊಳ್ಳುತ್ತದೆ. ಸೊನ್ನೆಯಿಂದ ಎಣಿಸುವುದು ಆಜ್ಞಾವಳಿಗಳ ವಾಡಿಕೆ. ಎಡಭಾಗಕ್ಕೆ ೦ರಿಂದ ೩ರವರೆಗಿನ ಅಡ್ಡಸಾಲುಗಳು. ಬಲಭಾಗಕ್ಕೆ ೪ರಿಂದ ೭ರವರೆಗಿನವು. ಹೊರಗೆ ಎರಡು ಹೋಳಾಗಿ ಕಾಣುವ ಮಣೆ ಒಳಗೆ ಎಂಟು ಸಾಲು, ಆರು ಕಂಬಗಳ ಒಂದೇ ಮಾತೃಕೆಯಾಗುತ್ತದೆ.

ಇನ್ನು, ತಾನು ಎಡಭಾಗವೋ ಬಲಭಾಗವೋ ಎಂಬುದು ಫಲಕಕ್ಕೆ ಹೇಗೆ ತಿಳಿಯಬೇಕು? ಕಾರ್ನ್ ಮಣೆಯ ಎರಡು ಫಲಕಗಳೂ ಒಂದೇ ಅಚ್ಚಿನವು. ಒಂದನ್ನು ಮಗುಚಿ ಹಾಕಿದರೆ ಇನ್ನೊಂದಾಗುತ್ತದೆ. ಏನೂ ಹೇಳದಿದ್ದರೆ ಕ್ಯೂಎಂಕೆಯು ಗಣಕದ ತಂತಿ ಸೇರಿದ ಭಾಗವನ್ನೇ ಎಡವೆಂದು ತಿಳಿಯುತ್ತದೆ. ತಂತಿಯನ್ನು ಬಲಕ್ಕೆ ಸೇರಿಸಿದರೆ ಎಡಬಲಗಳು ಅದಲುಬದಲಾಗುತ್ತವೆ. ಇದನ್ನು ತಪ್ಪಿಸಲು ಒಂದು ಪಿನ್ನನ್ನು ಒಂದು ಭಾಗದಲ್ಲಿ ಮೇಲುಮಟ್ಟಕ್ಕೂ ಇನ್ನೊಂದರಲ್ಲಿ ಸೊನ್ನೆಗೂ ಕಟ್ಟಬಹುದು. ಇಲ್ಲವೆ ಮೈಕ್ರೋಕಂಟ್ರೋಲರಿನ ಅಳಿಯದ ಸ್ಮೃತಿಯಲ್ಲಿ 'ನೀನು ಎಡ', 'ನೀನು ಬಲ' ಎಂದು ಬರೆದಿಡಬಹುದು.

ತುಂಬುವುದು ಮತ್ತು ಪರೀಕ್ಷಿಸುವುದು

ವಿವರಪಟ್ಟಿ ಸಿದ್ಧವಾದ ಮೇಲೆ ಕಂಪೈಲರ್ ಎಂಬ ಸಾಧನವು ಮೂಲಪಾಠವನ್ನು ಮೈಕ್ರೋಕಂಟ್ರೋಲರಿನ ಯಂತ್ರಭಾಷೆಗೆ ತಿರುಗಿಸುತ್ತದೆ. ಪ್ರೋ ಮೈಕ್ರೋ ಫಲಕದಲ್ಲಿ ರೀಸೆಟ್ ಪಿನ್ನನ್ನು ಸೊನ್ನೆ ಮಟ್ಟಕ್ಕೆ ಬೇಗಬೇಗನೆ ಎರಡು ಸಲ ಮುಟ್ಟಿಸಿದರೆ ಬೂಟ್‌ಲೋಡರ್ ಎಚ್ಚೆತ್ತು ಸುಮಾರು ಎಂಟು ಸೆಕೆಂಡು ಕಾದಿರುತ್ತದೆ. ಆ ಅವಧಿಯಲ್ಲಿ ಹೊಸ ಆಜ್ಞಾವಳಿಯನ್ನು ತುಂಬಲು ತೊಡಗಬೇಕು. ಎರಡು ಭಾಗಗಳಿಗೂ ಬೇರೆಬೇರೆಯಾಗಿ ತುಂಬಬೇಕೆಂಬುದನ್ನು ಮರೆಯಕೂಡದು. ಅಂಗಡಿಯಿಂದ ತಂದ ಸಿದ್ಧ ಮಣೆಯಾದರೆ ಒಂದು ಎಚ್ಚರ ಬೇಕು: ಅದರೊಳಗಿನ ಮೂಲ ಆಜ್ಞಾವಳಿಯನ್ನು ಓದಿ ತೆಗೆಯಲಾಗದಂತೆ ತಯಾರಕರು ಬೀಗ ಹಾಕಿರಬಹುದು. ಹಾಗಿದ್ದಲ್ಲಿ ಒಮ್ಮೆ ಅಳಿಸಿದರೆ ಹಿಂದಿರುಗುವ ದಾರಿಯಿಲ್ಲ.

ಮೊದಲ ಪ್ರಯತ್ನದಲ್ಲಿಯೇ ಎಲ್ಲ ಕೀಲಿಗಳೂ ಸರಿಯಾಗಿ ನುಡಿಯುವುದು ಅಪರೂಪ. ಆದರೆ ದೋಷವು ತನ್ನ ಕಾರಣವನ್ನು ತಾನೇ ಹೇಳಿಕೊಡುತ್ತದೆ. ಒಂದು ಅಡ್ಡಸಾಲು ಪೂರ್ತಿ ಮೂಕವಾಗಿದ್ದರೆ ಆ ಸಾಲಿನ ಪಿನ್ನು ತಪ್ಪಾಗಿರಬೇಕು, ಇಲ್ಲವೆ ಬೆಸುಗೆ ಬಿಟ್ಟಿರಬೇಕು. ಗಣಕವು ಮಣೆಯನ್ನು ಗುರುತಿಸಿಯೂ ಒಂದೇ ಒಂದು ಕೀಲಿ ನುಡಿಯದಿದ್ದರೆ ಡಯೋಡಿನ ದಿಕ್ಕನ್ನು ತಿರುಗುಮುರುಗಾಗಿ ಬರೆದಿರುವ ಸಂಭವವುಂಟು. ಬಲಭಾಗವೊಂದೇ ಮೌನವಾಗಿದ್ದರೆ ನಡುವಿನ ತಂತಿಯನ್ನೂ ಮಾತಿನ ಪಿನ್ನನ್ನೂ ನೋಡಬೇಕು. ಒಂದು ಒತ್ತಿಗೆ ಎರಡು ಅಕ್ಷರ ಬೀಳುತ್ತಿದ್ದರೆ ಪುಟಿತದ ತಡೆಯನ್ನು ಹೆಚ್ಚಿಸಬೇಕು.

ಬಲಗಡೆಯ 'ವೈ' ಒತ್ತಿದರೆ ಅಕ್ಷರ ಅಳಿಸಿಹೋಗುವುದು, 'ಯು' ಒತ್ತಿದರೆ 'ಪಿ' ಬೀಳುವುದು, 'ಐ' ಒತ್ತಿದರೆ 'ಓ' ಬೀಳುವುದು: ಇದಕ್ಕೆ ಕಾರಣವೇನೆಂದು ವಾಚಕರೇ ಯೋಚಿಸಬಹುದು. ಬಲಫಲಕವು ಮಗುಚಿ ಹಾಕಿದ ಎಡಫಲಕವೇ ಆದುದರಿಂದ ಅದರ ಕಂಬಸಾಲುಗಳ ಎಣಿಕೆ ಹೊರಗಿನ ಅಂಚಿನಿಂದ ಒಳಕ್ಕೆ ನಡೆಯುತ್ತದೆ. 'ವೈ' ಕೀಲಿ ಇರುವುದು ನಾಲ್ಕನೆಯ ಸಾಲಿನ ೫ನೆಯ ಕಂಬದಲ್ಲಿ; ಮೂಲೆಯ ಅಳಿಸುವ ಕೀಲಿ ೦ನೆಯ ಕಂಬದಲ್ಲಿ. ಪಟ್ಟಿಯನ್ನು ಎಡದಿಂದ ಬಲಕ್ಕೆ ೦, ೧, ೨ ಎಂದು ಬರೆದುದರಿಂದ ಕನ್ನಡಿಯ ಬಿಂಬದಂತೆ ಎಲ್ಲವೂ ತಿರುಗಿತು. ೫, ೪, ೩ ಎಂದು ತಿದ್ದಿದರೆ ಸರಿಹೋಗುತ್ತದೆ.

ಎರಡು ಭಾಗಗಳನ್ನು ಕೂಡಿಸುವ ತಂತಿ ಸಾಮಾನ್ಯವಾಗಿ ಕಿವಿಗಿಡುವ ಇಯರ್‌ಫೋನಿನ ತಂತಿಯಂಥದು. ಅದನ್ನು ತೂರಿಸುವಾಗ ಅದರ ಉಂಗುರಗಳು ಬೇರೆ ಬೇರೆ ಸಂಪರ್ಕಗಳನ್ನು ಸವರಿಕೊಂಡು ಹೋಗುವುದರಿಂದ, ವಿದ್ಯುತ್ತಿನ ತಂತಿಯು ಕ್ಷಣಮಾತ್ರ ಸೊನ್ನೆ ಮಟ್ಟಕ್ಕೋ ಮಾತಿನ ಪಿನ್ನಿಗೋ ತಗುಲಬಹುದು. ಮೈಕ್ರೋಕಂಟ್ರೋಲರ್ ಸುಡಲು ಅಷ್ಟೇ ಸಾಕು. ಆದುದರಿಂದ ಗಣಕದ ತಂತಿಯನ್ನು ಕಿತ್ತ ಮೇಲೆಯೇ ಇದನ್ನು ಮುಟ್ಟತಕ್ಕದ್ದು.

ಹೊಸ ಚಿಪ್ಪಿಗೆ ವಲಸೆ

೨೮,೬೭೨ ಬೈಟುಗಳು ಸಾಲದೆ ಹೋದಾಗ ಹವ್ಯಾಸಿಗಳು ೨೦೨೧ರಲ್ಲಿ ಬಂದ ಆರ್‌ಪಿ೨೦೪೦ ಎಂಬ ಮೈಕ್ರೋಕಂಟ್ರೋಲರಿನತ್ತ ತಿರುಗಿದರು. ಇದರ ಕಾರ್ಯಸ್ಮೃತಿ ೨೬೪ ಕಿಲೋಬೈಟು. ಹಳೆಯದರಲ್ಲಿ ಅದು ಎರಡೂವರೆ ಕಿಲೋಬೈಟು ಮಾತ್ರ. ಪ್ರೋ ಮೈಕ್ರೋ ಆಕಾರದ್ದೇ ಆದ ಹೊಸ ಫಲಕಗಳು ಹಳೆಯ ಜಾಗದಲ್ಲಿ ಕುಳಿತುಕೊಳ್ಳುತ್ತವೆ. ಪಿನ್ನುಗಳ ಹೆಸರು ಮಾತ್ರ ಬೇರೆ: ಡಿ೪ ಇದ್ದ ಕಡೆ ಜಿಪಿ೪, ಎಫ್೪ ಇದ್ದ ಕಡೆ ಜಿಪಿ೨೯. ಕೋಷ್ಟಕವನ್ನು ಬದಲಿಸಿದರೆ ಉಳಿದುದೆಲ್ಲ ಹಾಗೆಯೇ ನಡೆಯುತ್ತದೆ. ಸಮಾನವನ್ನೂ ವಿಶೇಷವನ್ನೂ ಬೇರ್ಪಡಿಸಿದುದರ ಫಲ ಇಲ್ಲಿ ಕಣ್ಣಿಗೆ ಕಾಣುತ್ತದೆ. ಆದರೆ ಹೊಸ ಚಿಪ್ಪು ೩.೩ ವೋಲ್ಟಿನದು, ಹಳೆಯ ಫಲಕ ಸಾಮಾನ್ಯವಾಗಿ ೫ ವೋಲ್ಟಿನದು. ಒಂದು ಭಾಗಕ್ಕೆ ಹೊಸದು, ಇನ್ನೊಂದಕ್ಕೆ ಹಳೆಯದು ಎಂಬ ಮಿತವ್ಯಯ ಅಪಾಯಕಾರಿ.

ತೆರೆದ ಪಾಠದ ಪ್ರಯೋಜನ

ಇಷ್ಟೆಲ್ಲ ಪ್ರಯಾಸ ಏತಕ್ಕೆ, ಅಂಗಡಿಯ ಮಣೆ ಸಾಲದೆ ಎಂದು ಕೆಲವರು ಕೇಳಬಹುದು. ಮುಚ್ಚಿದ ಆಜ್ಞಾವಳಿಯ ಮಣೆ ತಯಾರಕನು ನೆನೆದಷ್ಟನ್ನೇ ಮಾಡುತ್ತದೆ. ಅವನು ಕೈಬಿಟ್ಟ ದಿನ ಅದರ ಬೆಳವಣಿಗೆ ನಿಲ್ಲುತ್ತದೆ. ತೆರೆದ ಆಜ್ಞಾವಳಿಯಲ್ಲಿ ಬಳಸುವವನೇ ಒಡೆಯ. ಕಿರುಬೆರಳು ನೋಯುವವನು ಶಿಫ್ಟನ್ನು ಹೆಬ್ಬೆರಳಿಗೆ ಕೊಡಬಹುದು. ೪೨ ಕೀಲಿಗಳಲ್ಲಿ ಅಂಕಿಗಳಿಗೆ ಜಾಗವಿಲ್ಲದಿದ್ದರೆ, ಒಂದು ಕೀಲಿಯನ್ನು ಹಿಡಿದಾಗ ಉಳಿದವೆಲ್ಲ ಅಂಕಿಗಳಾಗುವಂತೆ ಎರಡನೆಯ ಅಂತಸ್ತನ್ನು ಕಟ್ಟಬಹುದು. ಒಂದೇ ಕೀಲಿ ತಟ್ಟಿದರೆ ಅಕ್ಷರವೂ ಹಿಡಿದರೆ ಕಂಟ್ರೋಲೂ ಆಗಬಹುದು. ತಟ್ಟುವುದಕ್ಕೂ ಹಿಡಿಯುವುದಕ್ಕೂ ನಡುವಿನ ಗಡಿ ವಾಡಿಕೆಯಲ್ಲಿ ೨೦೦ ಮಿಲಿಸೆಕೆಂಡು. ನಿಧಾನವಾಗಿ ಚಲಿಸುವ ಕೈಗೆ ಅದನ್ನು ೩೦೦ ಮಾಡುವುದು ಒಂದು ಸಾಲಿನ ತಿದ್ದುಪಡಿ.

ಈ ಸ್ವಾತಂತ್ರ್ಯಕ್ಕೆ ಒಂದು ಕರ್ತವ್ಯವೂ ಅಂಟಿಕೊಂಡಿದೆ. ಕ್ಯೂಎಂಕೆಯನ್ನು ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿ ಹಂಚಲಾಗುತ್ತದೆ. ತಿದ್ದಿದ ಫರ್ಮ್‌ವೇರನ್ನು ಮಣೆಯೊಳಗಿಟ್ಟು ಇನ್ನೊಬ್ಬರಿಗೆ ಕೊಡುವವನು, ಪಡೆದವರಿಗೆ ಅದರ ಮೂಲಪಾಠವೂ ದೊರೆಯುವಂತೆ ಮಾಡಬೇಕು. ಪಡೆದುದನ್ನು ಮುಂದಿನವರಿಗೂ ತೆರೆದಿಡಬೇಕೆಂಬುದೇ ಇದರ ಸಾರ. ಒಬ್ಬ ವಿದ್ಯಾರ್ಥಿಯು ಮಲ್ಟಿಮೀಟರ್ ಹಿಡಿದು ಶ್ರದ್ಧೆಯಿಂದ ಬರೆದ ಪುಟ್ಟ ವಿವರಪಟ್ಟಿ ಸಾಮಾನ್ಯ ಭಂಡಾರವನ್ನು ಸೇರಿದರೆ, ಅದೇ ಮಣೆಯನ್ನು ಕೊಂಡ ಅಪರಿಚಿತನೊಬ್ಬನಿಗೆ ಆ ಶ್ರಮವೆಲ್ಲ ಉಳಿಯುತ್ತದೆ.

ಮತ್ತೊಂದು ಲಾಭ ಕಲಿಕೆಯದು. ನಮ್ಮ ಸುತ್ತಲಿನ ಯಂತ್ರಗಳಲ್ಲಿ ಬಹುಪಾಲು ಒಳಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಕೀಲಿಮಣೆಯಾದರೋ ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಯ ಅಳವಿಗೆ ಮೀರಿದುದಲ್ಲ. ಬೆರಳಿನ ಒತ್ತಿನಿಂದ ಹಿಡಿದು ತೆರೆಯ ಮೇಲೆ ಅಕ್ಷರ ಮೂಡುವವರೆಗಿನ ದಾರಿಯಲ್ಲಿ, ಮಣೆಗೆ ಸೇರಿದ ಹೆಜ್ಜೆಗಳನ್ನೆಲ್ಲ ಆತನು ಅಳೆದು, ಓದಿ, ತಿದ್ದಿ ನೋಡಬಹುದು. ಇಷ್ಟು ಸಮೀಪದಲ್ಲಿ ಇಷ್ಟು ತೆರೆದ ಪ್ರಯೋಗಶಾಲೆ ವಿದ್ಯಾರ್ಥಿಗಳಿಗೆ ಸುಲಭವಾಗಿ ಸಿಕ್ಕುವಂಥದಲ್ಲ.